ಕಣ್ಣಿನ ಬೆಳಕಿಗೂ ದರ್ಜೆಗಳೆ?

ವಯಸ್ಸಾದವರ ಕಣ್ಣಿಗೆ ಪೊರೆ ಬರುವುದು ಹೊಸ ಸಂಗತಿಯಲ್ಲ. ತಲೆ ನೆರೆಯುವ ಹಾಗೆ, ಹಲ್ಲು ಸಡಿಲವಾಗುವ ಹಾಗೆ ಅದೂ ಬರುತ್ತದೆ. ಗದ್ದೆಯ ಒಡೆಯನಿಗೂ ಬರುತ್ತದೆ, ಗೇಯುವವನಿಗೂ ಬರುತ್ತದೆ. ಪೊರೆಗೆ ಜಾತಿಯಿಲ್ಲ, ಅಂತಸ್ತಿಲ್ಲ. ಆದರೆ ಪೊರೆ ತೆಗೆದ ಮೇಲೆ ಆ ಜಾಗದಲ್ಲಿ ಕೂಡಿಸುವ ಲೆನ್ಸಿಗೆ, ಅಂದರೆ ಮಸೂರಕ್ಕೆ, ನಮ್ಮ ಕಾಲದ ವ್ಯಾಪಾರ ಅಂತಸ್ತುಗಳನ್ನು ಕಟ್ಟಿಕೊಟ್ಟಿದೆ.

ಖಾಸಗಿ ಕಣ್ಣಿನ ಆಸ್ಪತ್ರೆಗಳಲ್ಲಿ ಇಂದು ರೋಗಿಯ ಮುಂದೆ ಒಂದು ದರಪಟ್ಟಿ ಇಡುವುದು ವಾಡಿಕೆಯಾಗಿದೆ. ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಎಂದು ಅದರಲ್ಲಿ ಸಾಲುಗಳಿರುತ್ತವೆ. ಕೆಳಗಿನ ಸಾಲಿನಲ್ಲಿ ಕೆಲವು ಸಾವಿರ ರೂಪಾಯಿ; ಮೇಲೇರುತ್ತ ಹೋದರೆ ಒಂದೇ ಕಣ್ಣಿಗೆ ಲಕ್ಷದ ಹತ್ತಿರ. ಎಷ್ಟೋ ಕಡೆ ಪಟ್ಟಿ ಹಿಡಿದು ಕೂತಿರುವವರು ವೈದ್ಯರೂ ಅಲ್ಲ. ಕೌನ್ಸೆಲರ್ ಎಂಬ ಹೆಸರಿನ ನೌಕರರು. "ಯಾವುದು ಹಾಕಿಸ್ತೀರಿ?" ಎಂದು ಅವರು ಕೇಳುತ್ತಾರೆ. ಪಕ್ಕದಲ್ಲಿ ಕುಳಿತ ಮಗನಿಗೆ ಅದು ಬೇರೆಯೇ ಪ್ರಶ್ನೆಯಾಗಿ ಕೇಳಿಸುತ್ತದೆ: ಹೆತ್ತ ತಾಯಿಯ ಕಣ್ಣಿಗೆ ನೀನು ಎಷ್ಟು ಬೆಲೆ ಕಟ್ಟುತ್ತೀಯಪ್ಪ?

ಈ ಪ್ರಶ್ನೆಗೆ ಹೆದರಿ ಕರೆಯುವ ಎಮ್ಮೆಯನ್ನು ಮಾರಿದವರನ್ನು ನಾವು ಬಲ್ಲೆವು. ಕಿವಿಯ ಓಲೆಯನ್ನು ಗಿರವಿ ಇಟ್ಟವರನ್ನೂ, ಸ್ವಸಹಾಯ ಸಂಘದ ಸಾಲವನ್ನು ಇದಕ್ಕೇ ಸುರಿದವರನ್ನೂ ಬಲ್ಲೆವು. ಸಾಲ ಮಾಡಿಯಾದರೂ ಒಳ್ಳೆಯದನ್ನೇ ಹಾಕಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಒಳ್ಳೆಯದು ಯಾವುದೆಂದು ತಿಳಿದು ಹಾಕಿಸಿದರೆ ತಪ್ಪಿಲ್ಲ. ಬೆಲೆ ಏರಿದ ಹಾಗೆಲ್ಲ ದೃಷ್ಟಿಯೂ ಏರುತ್ತದೆ ಎಂಬ ನಂಬಿಕೆಯನ್ನು ಆ ಪಟ್ಟಿ ಹುಟ್ಟಿಸುತ್ತದೆ. ಆ ನಂಬಿಕೆ ಸುಳ್ಳು. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದುಂಟು. ರೋಗಿಗೆ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಆ ಪಟ್ಟಿಯಲ್ಲಿ ಬರೆದೇ ಇರುವುದಿಲ್ಲ. ಅದಕ್ಕೆ ಹೆಚ್ಚಿನ ದುಡ್ಡು ಬೀಳುವುದಿಲ್ಲ. ಆದುದರಿಂದ ಅದನ್ನು ಯಾರೂ ಕೇಳುವುದಿಲ್ಲ. ನಮ್ಮ ತಕರಾರು ಇದೇ.

ಮಸೂರ ಬಂದ ದಾರಿ

ಶಾಲೆಯಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟ ಹುಡುಗರಿಗೆಲ್ಲ ಮಸೂರದ ಕೆಲಸ ಗೊತ್ತು. ಚದರಿದ ಬೆಳಕನ್ನು ಅದು ಒಂದು ಬಿಂದುವಿಗೆ ಕೂಡಿಸುತ್ತದೆ. ನಮ್ಮ ಕಣ್ಣೊಳಗೂ ಅಂಥದೊಂದು ಮಸೂರವಿದೆ. ಅದು ಮಂಜಾದಾಗ ಅದನ್ನೇ ಪೊರೆ ಎನ್ನುತ್ತೇವೆ. ಮಂಜಾದ ಮಸೂರವನ್ನು ತೆಗೆದುಹಾಕಿದರೆ ಬೆಳಕಿಗೆ ದಾರಿಯೇನೋ ಆಗುತ್ತದೆ. ಆದರೆ ಬೆಳಕನ್ನು ಕೂಡಿಸುವವರು ಇಲ್ಲವಾಗುತ್ತಾರೆ. ಹಿಂದೆ ಆ ಕೆಲಸವನ್ನು ಸೋಡಾಬುಡ್ಡಿ ಕನ್ನಡಕ ಮಾಡುತ್ತಿತ್ತು. ಊರೂರಿನಲ್ಲಿ ಶಿಬಿರ ಹೂಡಿ ಲಕ್ಷಾಂತರ ಕಣ್ಣುಗಳಿಗೆ ಚಿಕಿತ್ಸೆ ಮಾಡಿದ ನಮ್ಮ ಡಾ. ಎಂ. ಸಿ. ಮೋದಿಯವರ ಕಾಲದ ಹಿರಿಯರ ಮೂಗಿನ ಮೇಲೆ ಅದು ಕೂತಿದ್ದುದು ಅನೇಕರಿಗೆ ನೆನಪಿರಬಹುದು. ಆ ಕನ್ನಡಕದಲ್ಲಿ ವಸ್ತುಗಳು ಕಾಲು ಪಾಲಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು, ಬಾಗಿಲ ಚೌಕಟ್ಟು ಬಾಗುತ್ತಿತ್ತು, ಮೆಟ್ಟಿಲು ಎಲ್ಲಿದೆಯೆಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಕನ್ನಡಕ ಒಡೆದರೆ ಮತ್ತೆ ಕತ್ತಲೆ.

ಕಣ್ಣೊಳಗೇ ಮಸೂರ ಕೂಡಿಸುವ ವಿದ್ಯೆಯನ್ನು ತೋರಿಸಿಕೊಟ್ಟವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಸುಕು ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳು ಒಳಗೇ ಇದ್ದರೂ ಕಣ್ಣು ಕೆರಳದೆ ಇದ್ದುದನ್ನು ರಿಡ್ಲಿ ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಪ್ರಯೋಗ ನಡೆಸಿದರು. ದೊಡ್ಡ ದೊಡ್ಡ ಪಂಡಿತರು ದಶಕಗಳ ಕಾಲ ಅವರನ್ನು ಜರೆದರು. ಇಷ್ಟಾದರೂ ಈ ಮನುಷ್ಯ ತನ್ನ ಶೋಧಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಇಂದು ಇದನ್ನು ಲಕ್ಷಕ್ಕೆ ಮಾರುವವರು ನೆನಪಿಡತಕ್ಕ ಸಂಗತಿ ಇದು.

ಎರಡನೆಯ ಸಂಗತಿ ನಮ್ಮ ನೆರೆಯದು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಮಸೂರ ಆಗ ಹೊರದೇಶದಿಂದ ಬರಬೇಕಾಗಿತ್ತು. ಒಂದಕ್ಕೆ ನೂರು ಡಾಲರಿನ ಸುತ್ತಮುತ್ತ ಬೆಲೆ. ಬಡವನಿಗೆ ಇದು ಸಿಕ್ಕುವ ಮಾತೇ ಅಲ್ಲ ಎಂದು ಲೋಕವೆಲ್ಲ ಹೇಳುತ್ತಿರುವಾಗ 1992ರಲ್ಲಿ ಅವರ ಬಳಗ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ ಮಸೂರವನ್ನು ತಾನೇ ತಯಾರಿಸತೊಡಗಿತು. ಮೊದಲು ಹತ್ತು ಡಾಲರು, ಆಮೇಲೆ ಐದು ಡಾಲರಿಗೂ ಕಡಿಮೆ. ಆ ಮಸೂರಗಳು ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತಿವೆ. ಅಗ್ಗದ್ದು ಎಂದರೆ ಕಳಪೆ ಎಂದು ಮೂಗು ಮುರಿಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಪಟ್ಟಿಯಲ್ಲಿರುವ ಸರಕು

ಪಟ್ಟಿಯಲ್ಲಿ ಇರುವುದೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಒಂದೊಂದನ್ನೂ ಪರೀಕ್ಷಿಸಿ ನೋಡೋಣ.

ಮೊದಲನೆಯದು ಮಡಿಚದ ಗಟ್ಟಿ ಮಸೂರ, ರಿಡ್ಲಿಯವರ ಪ್ಲಾಸ್ಟಿಕ್ಕಿನದೇ. ಇದನ್ನು ಕೂಡಿಸಲು ಆರೇಳು ಮಿಲಿಮೀಟರಿನ ಗಾಯ ಬೇಕು. ನುರಿತ ಕೈಯಾದರೆ ಆ ಗಾಯ ಹೊಲಿಗೆಯಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ. ಎರಡನೆಯದು ಮಡಿಚುವ ಮಸೂರ. ಪೊರೆಯನ್ನು ಶ್ರವಣಾತೀತ ತರಂಗಗಳಿಂದ ಪುಡಿಮಾಡಿ ಹೀರುವ ಫೇಕೋ ಯಂತ್ರದ ಜೊತೆಗೆ ಇದು ಬರುತ್ತದೆ. ಎರಡು ಮೂರು ಮಿಲಿಮೀಟರಿನ ಗಾಯ ಸಾಕು. ಗಾಯ ಚಿಕ್ಕದಾದಷ್ಟೂ ಬೇಗ ಮಾಯುತ್ತದೆ, ಕಣ್ಣಿನ ಮೇಲ್ಮೈ ಕಡಿಮೆ ಸೊಟ್ಟಗಾಗುತ್ತದೆ. ಇದು ನಿಜವಾದ ಅನುಕೂಲ, ಒಪ್ಪೋಣ. ಆದರೆ ಕೊನೆಗೆ ಕಾಣುವ ದೃಷ್ಟಿಯಲ್ಲಿ ಅಜಗಜಾಂತರವಿದೆಯೆ? ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಮತ್ತು ಸಂಗಡಿಗರು 108 ರೋಗಿಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಾದ ಮೇಲೆ, ಕನ್ನಡಕದ ನೆರವಿನೊಡನೆ, ಎರಡೂ ಗುಂಪುಗಳಲ್ಲಿ ನೂರಕ್ಕೆ 98 ಮಂದಿಗೆ ಒಳ್ಳೆಯ ದೃಷ್ಟಿ ಬಂದಿತ್ತು. ಯಂತ್ರವಿಲ್ಲದ ವಿಧಾನಕ್ಕೆ ಸಮಯವೂ ಕಡಿಮೆ, ಖರ್ಚೂ ಕಡಿಮೆ.

ಮೂರನೆಯದು ಟೋರಿಕ್. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಕೆಲವರಲ್ಲಿ ಚೆಂಡಿನಂತೆ ದುಂಡಗಿರದೆ ಕೋಳಿಮೊಟ್ಟೆಯ ಹಾಗೆ ಒಂದು ಕಡೆಗೆ ಹೆಚ್ಚು ಬಾಗಿರುತ್ತದೆ. ಅಂಥ ದೋಷ ಹೆಚ್ಚಾಗಿದ್ದವರಿಗೆ ಟೋರಿಕ್ ಮಸೂರ ನಿಜವಾಗಿಯೂ ಉಪಕಾರಿ. ಆ ದೋಷವಿಲ್ಲದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಇದನ್ನು ತೀರ್ಮಾನಿಸುವುದು ಅಳತೆ, ರೋಗಿಯ ಜೇಬಲ್ಲ.

ನಾಲ್ಕನೆಯದೇ ಪಟ್ಟಿಯ ಶಿಖರ: ಮಲ್ಟಿಫೋಕಲ್, ಟ್ರೈಫೋಕಲ್ ಇತ್ಯಾದಿ. ದೂರ, ಹತ್ತಿರ ಎರಡೂ ಕಾಣುತ್ತದೆ, ಕನ್ನಡಕದಿಂದ ಬಿಡುಗಡೆ ಎಂದು ಇದರ ಪ್ರಚಾರ. ಬಹುಮಂದಿಗೆ ಕನ್ನಡಕ ಬೇಡವಾಗುವುದು ದಿಟವೇ. ಆದರೆ ಈ ಮಸೂರ ಕಣ್ಣಿಗೆ ಬೀಳುವ ಬೆಳಕನ್ನು ಹೆಚ್ಚು ಮಾಡುವುದಿಲ್ಲ. ಬಂದಷ್ಟು ಬೆಳಕನ್ನೇ ದೂರಕ್ಕೆ ಇಷ್ಟು, ಹತ್ತಿರಕ್ಕೆ ಇಷ್ಟು ಎಂದು ಪಾಲು ಮಾಡುತ್ತದೆ. ಆದುದರಿಂದ ಮಸುಕು ಬೆಳಕಿನಲ್ಲಿ ಬೂದು ಬಣ್ಣಕ್ಕೂ ಕಪ್ಪಿಗೂ ಇರುವ ಭೇದ ಕುಂದಬಹುದು. ರಾತ್ರಿ ಎದುರಿನಿಂದ ಬರುವ ದೀಪದ ಸುತ್ತ ಬಳೆಬಳೆಯಾಗಿ ಪ್ರಭೆ ಕಾಣಬಹುದು. ರಾತ್ರಿ ಲಾರಿ ಓಡಿಸುವವನಿಗೆ ಇದು ವರವೊ, ಶಾಪವೊ? ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಬದಿಯ ಪರದೆ ಕೆಟ್ಟಿರುವವರಿಗೂ, ಗ್ಲಾಕೋಮಾ ಇದ್ದವರಿಗೂ, ವಯಸ್ಸಿನಿಂದ ಪರದೆಯ ನಡುಭಾಗ ಸವೆದವರಿಗೂ ಈ ಮಸೂರ ಸಾಮಾನ್ಯವಾಗಿ ತಕ್ಕದ್ದಲ್ಲ. ಅಂಥವರಿಗೆ ಪಟ್ಟಿಯ ಅತಿ ದುಬಾರಿ ಸಾಲೇ ಅತಿ ಕೆಟ್ಟ ಆಯ್ಕೆಯಾಗಬಹುದು.

ಇನ್ನು ನೀಲಿ ಬೆಳಕನ್ನು ತಡೆಯುವ ಹಳದಿ ಛಾಯೆಯ ಮಸೂರ. ಇದು ಕಣ್ಣಿನ ಪರದೆಯನ್ನು ಕಾಪಾಡುತ್ತದೆಂದು ಹೇಳಿ ಮಾರುವವರುಂಟು. ಹಾಗೆ ಕಾಪಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಇದುವರೆಗೆ ಸಿಕ್ಕಿಲ್ಲ. ಹಾಕಿಸಿದರೆ ಕೇಡೇನೂ ಇಲ್ಲ. ಅದಕ್ಕೆಂದು ಸಾಲ ಮಾಡುವುದು ಬೇಡ.

ಪಟ್ಟಿಯಲ್ಲಿಲ್ಲದ ಆಯ್ಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾಮಾನ್ಯ ಮಸೂರ ಒಂದು ದೂರಕ್ಕೆ ಮಾತ್ರ ಸ್ಪಷ್ಟವಾಗಿ ತೋರಿಸುತ್ತದೆ. ಯಾವ ದೂರಕ್ಕೆ? ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನಿರ್ಧರಿಸಬೇಕು. ಬಹುಪಾಲು ಕಡೆ ಯಾರನ್ನೂ ಕೇಳದೆ ದೂರದ ನೋಟಕ್ಕೆ ಹೊಂದಿಸಿಬಿಡುತ್ತಾರೆ. ಗದ್ದೆಗೆ ಹೋಗುವ ರೈತನಿಗೆ, ದನ ಕಾಯುವವನಿಗೆ ಅದೇ ಸರಿ. ಓದಲು, ಅಕ್ಕಿ ಆರಿಸಲು ಒಂದು ಚಾಳೀಸು ಇಟ್ಟುಕೊಂಡರಾಯಿತು. ಅದಕ್ಕೆ ಬೀಳುವುದು ಕೆಲವು ನೂರು ರೂಪಾಯಿ.

ಆದರೆ ಜೀವಮಾನವೆಲ್ಲ ಮೈನಸ್ ನಂಬರಿನ ಕನ್ನಡಕ ಹಾಕಿದ ಒಬ್ಬ ದರ್ಜಿಯನ್ನು ಊಹಿಸಿಕೊಳ್ಳಿ. ಸೂಜಿಗೆ ದಾರ ಪೋಣಿಸುವಾಗ ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣಿನಲ್ಲೇ ಪೋಣಿಸುವುದು ಅವನ ರೂಢಿ. ಅವನ ಕಣ್ಣನ್ನು ಕೇಳದೆ ಕೇಳಿಸದೆ ದೂರಕ್ಕೆ ಹೊಂದಿಸಿದರೆ, ರಸ್ತೆಯಾಚೆಯ ಬೋರ್ಡು ಅವನಿಗೆ ಕಾಣುತ್ತದೆ; ಕೈಯಲ್ಲಿರುವ ಸೂಜಿಯ ಕಣ್ಣು ಕಾಣುವುದಿಲ್ಲ. ಶಸ್ತ್ರಚಿಕಿತ್ಸೆ ಗೆದ್ದಿತು, ದರ್ಜಿ ಸೋತ. ಅದೇ ಮಸೂರವನ್ನು, ಅದೇ ಬೆಲೆಗೆ, ಮೈನಸ್ ಎರಡರ ಆಸುಪಾಸು ಉಳಿಯುವಂತೆ ಆರಿಸಿದ್ದರೆ ಅರ್ಧ ಮೀಟರಿನ ಆಸುಪಾಸಿನ ಕೆಲಸವೆಲ್ಲ ಅವನಿಗೆ ಬರಿಗಣ್ಣಿಗೇ ಕಾಣುತ್ತಿತ್ತು. ದೂರಕ್ಕೆ ಹಳೆಯ ರೂಢಿಯಂತೆ ಕನ್ನಡಕವಿರುತ್ತಿತ್ತು. ಅಡಿಕೆ ಸುಲಿಯುವ ಹೆಂಗಸಿಗೆ, ಬುಟ್ಟಿ ಹೆಣೆಯುವವರಿಗೆ, ಲೆಕ್ಕ ಬರೆಯುವ ಗುಮಾಸ್ತನಿಗೆ ಇದೇ ಮಾತು ಅನ್ವಯಿಸುತ್ತದೆ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಪದ್ಧತಿಯೂ ಇದೆ. ಕೆಲವರಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಈ ಆಯ್ಕೆಗೆ ಬೇಕಾದದ್ದು ಒಂದು ಪೈಸೆಯೂ ಅಲ್ಲ, ಒಂದು ಪ್ರಶ್ನೆ. "ಅಜ್ಜಾ, ದಿನವಿಡೀ ಏನು ಕೆಲಸ ಮಾಡ್ತೀಯ?" ಅಷ್ಟು ಕೇಳಲು ಎರಡು ನಿಮಿಷ ಸಾಕು. ದರಪಟ್ಟಿ ವಿವರಿಸಲು ಅರ್ಧ ಗಂಟೆ ದೊರೆಯುವ ಕಡೆ ಈ ಎರಡು ನಿಮಿಷ ದೊರೆಯುವುದಿಲ್ಲವೆಂದರೆ ಏನೆಂದು ತಿಳಿಯಬೇಕು?

ಅಳತೆಯ ಮಾತೂ ಹಾಗೆಯೇ. ಮಸೂರದ ಪವರನ್ನು ಲೆಕ್ಕ ಹಾಕುವುದು ಕಣ್ಣುಗುಡ್ಡೆಯ ಉದ್ದ ಮತ್ತು ಕಾರ್ನಿಯಾದ ಬಾಗು ಇವುಗಳ ಅಳತೆಯಿಂದ. ಉದ್ದದ ಅಳತೆಯಲ್ಲಿ ಒಂದೇ ಮಿಲಿಮೀಟರು ತಪ್ಪಿದರೂ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುಪೇರಾಗುತ್ತದೆ. ಲಕ್ಷ ರೂಪಾಯಿಯ ಮಸೂರವಾದರೂ ಅಳತೆ ಕೆಟ್ಟರೆ ಕೆಟ್ಟಿತು. ಪಾಪೆ ಹಿಗ್ಗಿಸಿ ಹಿಂಬದಿಯ ಪರದೆಯನ್ನು ನೋಡುವುದೂ ಅಷ್ಟೇ ಅಗತ್ಯ. ಪರದೆ ಕೆಟ್ಟಿದ್ದರೆ ಮುಂದೆ ಯಾವ ಗಾಜು ಕೂಡಿಸಿದರೂ ಪೂರ್ತಿ ಕಾಣದೆಂದು ರೋಗಿಗೆ ಮೊದಲೇ ಹೇಳಬೇಕಾದದ್ದು ಧರ್ಮ.

ಪುಕ್ಕಟೆ ಶಿಬಿರದ ಪ್ರಶ್ನೆ

ಖಾಸಗಿ ಆಸ್ಪತ್ರೆಯಲ್ಲಿ ಬೆಲೆಯುಳ್ಳ ಆಯ್ಕೆಗಳು ಹತ್ತಾದರೆ, ಪುಕ್ಕಟೆ ಶಿಬಿರದಲ್ಲಿ ಆಯ್ಕೆಯೇ ಇಲ್ಲ. ಬಸ್ಸು ಬಂತು, ಹತ್ತಿಸಿದರು, ಪೊರೆ ತೆಗೆದರು, ಫೋಟೋ ಹಿಡಿದರು, ಇಳಿಸಿದರು. ಯಾವ ಮಸೂರ, ಯಾವ ಪವರು, ಯಾವ ದೂರಕ್ಕೆ ಎಂದು ಕೇಳಿದರೆ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸುತ್ತೀರಾ ಎಂಬ ಉತ್ತರ. ಶಿಬಿರಗಳು ಮಾಡಿದ ಉಪಕಾರವನ್ನು ನಾವು ಮರೆತಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ, ಸೇವಾಸಂಸ್ಥೆಗಳು, ಸರ್ಕಾರಿ ವೈದ್ಯರು ಇವರೆಲ್ಲರ ದುಡಿಮೆಯಿಂದ ಕೋಟ್ಯಂತರ ಜನಕ್ಕೆ ಬೆಳಕು ಮರಳಿದೆ. ಆದರೆ ಸರ್ಕಾರದ ಹಣ ನಮ್ಮ ತೆರಿಗೆಯ ಹಣ, ಅದು ದಾನವಲ್ಲ. ಅಲ್ಲಿ ಚಿಕಿತ್ಸೆ ಪಡೆದ ಕೂಲಿಯವಳಿಗೂ ಅಳತೆಯ ಹಕ್ಕು, ಪ್ರಶ್ನೆಯ ಹಕ್ಕು, ತಿಂಗಳು ಒಂದೂವರೆ ತಿಂಗಳಾದ ಮೇಲೆ ಕಣ್ಣು ಪರೀಕ್ಷಿಸಿ ಕನ್ನಡಕ ಪಡೆಯುವ ಹಕ್ಕು ಇದೆ. ಕನ್ನಡಕ ಕೊಡದೆ ಬಿಟ್ಟ ಶಸ್ತ್ರಚಿಕಿತ್ಸೆ, ಉತ್ತು ಬಿತ್ತದೆ ಬಿಟ್ಟ ಹೊಲ.

ಅವರ ವಾದ

ಕೊಳ್ಳುವವನಿಗೆ ಸ್ವಾತಂತ್ರ್ಯವಿದೆ, ನಿಮಗೇಕೆ ಚಿಂತೆ ಎಂದು ಕೆಲವರು ಕೇಳುತ್ತಾರೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅದು ಸ್ವಾತಂತ್ರ್ಯ. ಕಣ್ಣು ಕಾಣದ ಮುದುಕಿಯ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಪಟ್ಟಿ ಇಟ್ಟು, ಕೆಳಗಿನದು ಹಾಕಿಸಿದರೆ ಆಮೇಲೆ ನಮ್ಮನ್ನು ಕೇಳಬೇಡಿ ಎಂದು ಗದರಿಸುವುದು ಸ್ವಾತಂತ್ರ್ಯವಲ್ಲ, ಬೆದರಿಕೆ.

ಅಗ್ಗದ ಮಸೂರ ಹಾಕಿಸಿದರೆ ಮತ್ತೆ ಪೊರೆ ಬರುತ್ತದೆ ಎಂದೂ ಹೆದರಿಸುತ್ತಾರೆ. ತೆಗೆದ ಪೊರೆ ಮರಳಿ ಬರುವುದಿಲ್ಲ. ಮಸೂರವನ್ನು ಹೊತ್ತಿರುವ ತೆಳುವಾದ ಚೀಲದ ಹಿಂಭಾಗ ಕೆಲವರಲ್ಲಿ ಕಾಲಾನಂತರ ಮಂಜಾಗುತ್ತದೆ. ಮಸೂರದ ದ್ರವ್ಯ ಮತ್ತು ಅದರ ಅಂಚಿನ ಆಕಾರಕ್ಕೆ ತಕ್ಕಂತೆ ಇದರ ಸಂಭವ ಹೆಚ್ಚು ಕಡಿಮೆಯಾಗುವುದುಂಟು. ಪೂರ್ತಿ ತಪ್ಪಿಸುತ್ತೇವೆ ಎನ್ನುವ ಮಸೂರ ಯಾವುದೂ ಇಲ್ಲ. ಹಾಗೆ ಮಂಜಾದರೆ ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಬಿಡಿಸಬಹುದು.

ಹೊಸ ಯಂತ್ರಕ್ಕೆ ಬಂಡವಾಳ ಬೇಡವೆ ಎಂಬ ಮೂರನೆಯ ವಾದದಲ್ಲಿ ನ್ಯಾಯವಿದೆ. ಯಂತ್ರಕ್ಕೂ ವೈದ್ಯರ ಕೈಚಳಕಕ್ಕೂ ಬೆಲೆ ಕೊಡಲೇಬೇಕು. ಹಾಗಾದರೆ ಅದನ್ನು ಬೇರೆ ಬರೆಯಿರಿ. ಮಸೂರಕ್ಕೆ ಇಷ್ಟು, ಚಿಕಿತ್ಸೆಗೆ ಇಷ್ಟು, ಹಾಸಿಗೆಗೆ ಇಷ್ಟು ಎಂದು ರಶೀದಿಯಲ್ಲಿ ಬಿಡಿಸಿ ತೋರಿಸಿ. ಎಲ್ಲವನ್ನೂ ಪ್ಯಾಕೇಜ್ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಮಸೂರದ ಹೆಸರಿನಲ್ಲಿ ಮಾರುವುದು ಯಾವ ಲೆಕ್ಕ?

ಆಗಬೇಕಾದದ್ದು

ಸರ್ಕಾರಕ್ಕೆ ದಾರಿ ಗೊತ್ತಿಲ್ಲವೆಂದು ಹೇಳುವಂತಿಲ್ಲ. ಕಣ್ಣೊಳಗಿನ ಮಸೂರವನ್ನು 2005ರಲ್ಲೇ ಔಷಧ ಕಾನೂನಿನ ಕೆಳಗೆ ತರಲಾಗಿದೆ. 2017ರ ಫೆಬ್ರವರಿಯಲ್ಲಿ ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿಗೆ ಬೆಲೆಯ ಮಿತಿ ಗೊತ್ತುಮಾಡಿದರು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ. ಅದೇ ವರ್ಷ ಮಂಡಿಚಿಪ್ಪಿನ ಕೃತಕ ಭಾಗಗಳಿಗೂ ಮಿತಿ ಬಂತು. ಹೃದಯಕ್ಕೆ, ಮಂಡಿಗೆ ಆದದ್ದು ಕಣ್ಣಿಗೆ ಆಗಬಾರದೆ? 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ನೂರಕ್ಕೆ 66.2 ಪಾಲಿಗೆ ಪೊರೆಯೇ ಕಾರಣ. ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ನೀಗುವ ಕತ್ತಲೆ ಇದು.

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಪ್ರತಿ ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಮಸೂರದ ಬಗೆ, ತಯಾರಕರ ಹೆಸರು, ಬೆಲೆ ಬರೆದಿರಬೇಕು. ಚಿಕಿತ್ಸೆಯ ವೆಚ್ಚ ಬೇರೆಯಾಗಿರಬೇಕು.

2. ಸ್ಟೆಂಟಿನ ಮಾದರಿಯಲ್ಲಿ ಮಸೂರಕ್ಕೂ ಬೆಲೆಯ ಮಿತಿ ಹಾಕಬೇಕು.

3. ರೋಗಿಯ ಕೆಲಸವೇನು, ಯಾವ ದೂರಕ್ಕೆ ಹೊಂದಿಸಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಬೇಕು. ಮಸೂರದ ಪೆಟ್ಟಿಗೆಯಲ್ಲಿ ಬರುವ, ಪವರು ಮತ್ತು ಸಂಖ್ಯೆಯಿರುವ ಅಂಟುಚೀಟಿಯನ್ನು ರೋಗಿಯ ಕಾರ್ಡಿಗೆ ಅಂಟಿಸಿ ಕೊಡಬೇಕು.

4. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಸರಿಯಾದ ಅಳತೆಯ ಯಂತ್ರ, ಅದನ್ನು ನಡೆಸಲು ತರಬೇತಾದ ಸಿಬ್ಬಂದಿ, ಮಡಿಚುವ ಮಸೂರ ಇರಬೇಕು. ಅಳತೆಯಲ್ಲಿ ಅಗತ್ಯ ಕಂಡವರಿಗೆ ಟೋರಿಕ್ ಮಸೂರವೂ ಪುಕ್ಕಟೆಯಾಗಿ ದೊರೆಯಬೇಕು.

5. ಶಿಬಿರದಲ್ಲಿ ಚಿಕಿತ್ಸೆಯಾದ ಪ್ರತಿಯೊಬ್ಬರಿಗೂ ಮರುಪರೀಕ್ಷೆ ಮತ್ತು ಕನ್ನಡಕ ಕೊಡದೆ ಲೆಕ್ಕ ಮುಗಿಸಬಾರದು.

ಮೇಲಿನ ಸಾಲಿನವರ ಮಸೂರವನ್ನು ಕಿತ್ತುಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ನಮ್ಮ ರೈಲುಗಳಲ್ಲಿ ಮೂರನೆಯ ದರ್ಜೆ 1974ರಲ್ಲಿ ಹೋಯಿತು. ಆದರೆ ಎರಡನೆಯ ದರ್ಜೆಯ ಬಡವ ಮರದ ಹಲಗೆಯ ಮೇಲೆಯೇ ಮಲಗುತ್ತಿದ್ದ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆಯವರು ಮೊದಲ ದರ್ಜೆಯ ಮೆತ್ತೆಯನ್ನು ಕಿತ್ತುಹಾಕಲಿಲ್ಲ, ಎರಡನೆಯ ದರ್ಜೆಯ ಹಲಗೆಗೂ ಮೆತ್ತೆ ಹಾಕಿಸಿದರು. ಕಣ್ಣಿನ ವಿಷಯದಲ್ಲೂ ಆಗಬೇಕಾದದ್ದು ಅಂಥ ಕೆಲಸ. ಕೆಳಗಿನ ಸಾಲಿನ ಮಸೂರವೇ ಚೆನ್ನಾಗಿ ಅಳೆದದ್ದು, ಕೆಲಸ ಕೇಳಿ ಹೊಂದಿಸಿದ್ದು, ನಂಬತಕ್ಕದ್ದು ಆಗಲಿ.

ಅಲ್ಲಿಯವರೆಗೆ ಓದುಗರು ಕೈಕಟ್ಟಿ ಕೂರಬೇಕಿಲ್ಲ. ಮನೆಯ ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ ಬೆಲೆ ಕೇಳುವ ಮೊದಲು ಈ ನಾಲ್ಕು ಮಾತುಗಳನ್ನು ವೈದ್ಯರನ್ನೇ ಕೇಳಿ. ಹಿಂಬದಿಯ ಪರದೆ ಹೇಗಿದೆ? ಅಳತೆ ಏನು ಬಂತು? ಇವರ ಕೆಲಸಕ್ಕೆ ಯಾವ ದೂರ ಸರಿ? ಈ ದುಬಾರಿ ಮಸೂರ ಹಾಕಿಸದಿದ್ದರೆ ಇವರಿಗೆ ಏನು ತಪ್ಪಿಹೋಗುತ್ತದೆ? ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ. ಕುಳಿತು ಉತ್ತರ ಹೇಳುತ್ತಾರೆ. ಅಂಥವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಉತ್ತರ ಕೊಡದೆ ಮತ್ತೆ ಪಟ್ಟಿಯನ್ನೇ ಮುಂದಕ್ಕೆ ತಳ್ಳುವ ಕಡೆಯಿಂದ ಎದ್ದು ಬನ್ನಿ. ಎಲ್ಲೋ ಕೆಲವು ಕಣ್ಣುಗಳಿಗೆ ಅವಸರ ಇರುತ್ತದೆ. ಹೆಚ್ಚಿನ ಪೊರೆಗಳು ಇನ್ನೊಬ್ಬ ವೈದ್ಯರನ್ನು ಕಂಡುಬರುವಷ್ಟು ಕಾಲ ಕಾಯುತ್ತವೆ. ಎಮ್ಮೆ ಮಾರುವ ಮೊದಲು ಅಷ್ಟು ದೂರ ನಡೆಯುವುದು ನಷ್ಟದ ಬಾಬಲ್ಲ.